ಗೂಬೆ ಕೇಳುತ್ತದೆ

ಕೇಳಿಸಿಕೊಳ್ಳದೆ ಇನ್ನು ಮೇಲೆ ಹೂಂ ಅನ್ನುವುದಿಲ್ಲ ಎಂದು ತಾಯಿ ಮಗಳಿಗೆ ಮಾತು ಕೊಟ್ಟಾಗ ಮಗಳಿಗಿನ್ನೂ ನಾಲ್ಕು ವರ್ಷ. ಆವತ್ತು ಮಗಳು ಚಪ್ಪಲಿ ಕಳೆದುಕೊಂಡ ಕಾಗೆಯ ಕತೆ ಹೇಳುತ್ತಿದ್ದಳು. ತಾಯಿ ಒಗೆದ ಬಟ್ಟೆ ಮಡಚುತ್ತ, ಕತೆ ಕೇಳುವವರು ಅನ್ನಬೇಕಾದ ಹಾಗೆ, ನಡುನಡುವೆ ಹೂಂ, ಹೂಂ ಎನ್ನುತ್ತಿದ್ದಳು. ಮಗಳಿಗೆ ಏನೋ ಅನುಮಾನ ಬಂತು. "ಆಮೇಲೆ ಕಾಗೆ ಬಂದು ನಿನ್ನನ್ನ ತಿಂದುಬಿಡ್ತು," ಅಂದಳು. ತಾಯಿ ಹೂಂ ಅಂದಳು. "ನನ್ನನ್ನೂ ತಿಂದುಬಿಡ್ತು." ಹೂಂ. ಕತೆ ಅಲ್ಲಿಗೇ ನಿಂತುಹೋಯಿತು. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಕೊನೆಗೆ ತಾಯಿ ಆ ಪುಟ್ಟ ಕೈ ಹಿಡಿದು ಮಾತು ಕೊಡಬೇಕಾಯಿತು. ಕೇಳಲು ಪುರುಸೊತ್ತಿಲ್ಲದಿದ್ದರೆ "ತಡಿ" ಅನ್ನಬಹುದು, ಅದಕ್ಕೆ ಮಗಳ ತಕರಾರಿಲ್ಲ. ಸುಳ್ಳು ಹೂಂ ಮಾತ್ರ ಕೂಡದು.

ಈಗ ಮಗಳಿಗೆ ಏಳು. ಬಾಯಿ ಮುಚ್ಚದ ಹುಡುಗಿಯನ್ನು ಮಾತಿನಮಲ್ಲಿ ಅನ್ನುತ್ತಾರಲ್ಲ, ಹಾಗೆ ಅನ್ನುತ್ತ ಅನ್ನುತ್ತಲೇ ಮನೆಯಲ್ಲಿ ಅವಳು ಮಲ್ಲಿ ಆಗಿಬಿಟ್ಟಿದ್ದಳು. ಶಾಲೆಯಲ್ಲಿ ಬೇರೆ ಹೆಸರಿತ್ತು. ಮಲ್ಲಿ ಎಂದು ಕರೆಯುವವರು ಮೂರೇ ಜನ: ತಾಯಿ, ಹಡಗಿನಲ್ಲಿ ಅಡುಗೆ ಕೆಲಸ ಮಾಡಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ಅಪ್ಪ, ಮತ್ತೆ ಎದುರುಮನೆಯ ನರ್ಸಮ್ಮ. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನ ಅದನ್ನು ತೆಗೆದು ಡಬ್ಬಿಯೊಳಗಿಟ್ಟು ನಿದ್ದೆ ಹೊಡೆಯುವುದೇ ತಮ್ಮ ಪಿಂಚಣಿಯ ಸುಖ ಎಂದು ಹೇಳಿಕೊಳ್ಳುತ್ತಿದ್ದರು.

ತಾಯಿಗೆ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಸುಟ್ಟ ಅಂಗಡಿ, ನೀರು ನುಗ್ಗಿದ ಮನೆ, ನುಜ್ಜುಗುಜ್ಜಾದ ಕಾರು, ಇವನ್ನೆಲ್ಲ ನೋಡಿ ಬರುವ ತನಿಖೆಯವರು ಕಂಡದ್ದನ್ನು ಫೋನಿನಲ್ಲಿ ಗೊಣಗಿ ಕಳಿಸುತ್ತಾರೆ. ಗಾಳಿಯ ಸದ್ದು, ನಾಯಿ ಬೊಗಳುವುದು, ಅವರ ಕೆಮ್ಮು ಎಲ್ಲದರ ನಡುವಿನಿಂದ ಆ ಮಾತನ್ನು ಹೆಕ್ಕಬೇಕು. ಅವಳು ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ, ಕೇಳಿದ್ದನ್ನೇ ಸ್ಪಷ್ಟವಾಗಿ ಮತ್ತೊಮ್ಮೆ ಮೈಕಿಗೆ ಹೇಳುತ್ತಾಳೆ. ಕಂಪ್ಯೂಟರ್ ಅವಳ ಮಾತನ್ನು ಅಕ್ಷರ ಮಾಡುತ್ತದೆ. ಚಿಹ್ನೆಗಳನ್ನೂ ಬಾಯಲ್ಲೇ ಹೇಳಬೇಕು. "ಚಾವಣಿ ಕುಸಿದಿದೆ ಅಲ್ಪವಿರಾಮ ಗೋಡೆ ನಿಂತಿದೆ ಪೂರ್ಣವಿರಾಮ." ಮಲ್ಲಿಯೂ ಅದನ್ನು ಕಲಿತಿದ್ದಳು. "ಹಸಿವಾಗ್ತಿದೆ ಪೂರ್ಣವಿರಾಮ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ವಾರದಲ್ಲಿ ಎರಡು ದಿನ ಕಚೇರಿಗೆ ಹೋಗಬೇಕು, ಮಿಕ್ಕ ದಿನ ಮನೆಯಿಂದಲೇ ಕೆಲಸ. ಕಚೇರಿಯ ದಿನಗಳಲ್ಲಿ ಶಾಲೆ ಬಿಟ್ಟು ಬಂದ ಮಲ್ಲಿ ಸ್ವಲ್ಪ ಹೊತ್ತು ಮನೆಯಲ್ಲಿ ಒಬ್ಬಳೇ. ಒಳಗಿನಿಂದ ಚಿಲಕ ಹಾಕಿಕೊಂಡು ಕೂರಬೇಕು, ಏನಾದರೂ ಆದರೆ ನರ್ಸಮ್ಮನ ಬಾಗಿಲು ಬಡಿಯಬೇಕು, ಅಮ್ಮ ಹೂಂ ಅಂದವರಿಗೆ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆಗೆಯಕೂಡದು. ಮಲ್ಲಿ ಮಾತು ಜಾಸ್ತಿ ಆಡಿದರೂ ಹೇಳಿದ ಮಾತು ಮೀರುವವಳಲ್ಲ.

ಮೊದಲು ಬಂದದ್ದು ಒಂದು ಸಣ್ಣ ಪೊಟ್ಟಣ. ಕೆಳಗಿನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿತ್ತು. ಒಳಗೆ ಬೆರಳುದ್ದದ ಟೂತ್‌ಪೇಸ್ಟ್, ಮಕ್ಕಳದು, ಹೊಸ ಹಲ್ಲು ಬರುವವರಿಗೆ. ಮೇಲೆ "ಪ್ರೀತಿಯ ಮಲ್ಲಿಗೆ" ಎಂದು ಅಚ್ಚಾಗಿತ್ತು. ಮಲ್ಲಿಯ ಮುಂದಿನ ಹಲ್ಲು ಆ ವಾರವೇ ಬಿದ್ದಿತ್ತು. ನರ್ಸಮ್ಮನ ಕೆಲಸವಿರಬೇಕು ಎಂದುಕೊಂಡ ತಾಯಿ ಥ್ಯಾಂಕ್ಸ್ ಹೇಳಲು ಮರೆತಳು. ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಅದಾದ ಮೇಲಿನ ಬುಧವಾರ ಸಂಜೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಹೊರಕೋಣೆಯಲ್ಲಿ ಮಲ್ಲಿ ಕತೆ ಹೇಳುತ್ತಿದ್ದಳು, ಕಾಗೆಯದೇ. ಮೂರು ವರ್ಷದಲ್ಲಿ ಆ ಕಾಗೆ ಬಹಳ ಚಪ್ಪಲಿ ಕಳೆದುಕೊಂಡಿತ್ತು. ಗೊಂಬೆಗಳಿಗೆ ಹೇಳುತ್ತಿರಬಹುದು ಎಂದುಕೊಂಡು ತಾಯಿ ನಲ್ಲಿಯನ್ನು ಸಣ್ಣಗೆ ಮಾಡಿದಳು.

"ಆಮೇಲೆ ಕಾಗೆ ಅಂಗಡಿಯವನಿಗೆ ಏನಂತು ಗೊತ್ತಾ?" ಎಂದಳು ಮಲ್ಲಿ.

"ಹೂಂ?" ಎಂದಿತು ಇನ್ನೊಂದು ದನಿ.

ತಾಯಿಯ ಕೈಯಿಂದ ಲೋಟ ಜಾರಿತು. ನರ್ಸಮ್ಮ ಬಂದಿರಬೇಕು ಎಂದು ಮನಸ್ಸು ಸಮಾಧಾನ ಹೇಳಿತು. ಆದರೆ ನರ್ಸಮ್ಮನದು ಒಡಕು ದನಿ, ಇದು ನಯವಾಗಿತ್ತು. ಗಂಡಸಿನದೋ ಹೆಂಗಸಿನದೋ ತಿಳಿಯದಂಥ, ಎಲ್ಲೂ ಗಂಟಿಲ್ಲದ ದನಿ. ಒದ್ದೆ ಕೈಯಲ್ಲೇ ಅವಳು ಹೊರಕೋಣೆಗೆ ಬಂದಳು. ಬಾಗಿಲ ಚಿಲಕ ಹಾಕಿದ ಹಾಗೇ ಇತ್ತು. ಕೋಣೆಯಲ್ಲಿ ಮಲ್ಲಿ ಬಿಟ್ಟರೆ ಯಾರೂ ಇಲ್ಲ. ಮೇಜಿನ ಮೇಲೆ ಅವಳ ಕೆಲಸದ ಕಂಪ್ಯೂಟರ್, ಅದರ ಪರದೆಯ ಮೂಲೆಯಲ್ಲಿ ಹೆಬ್ಬೆರಳಷ್ಟು ಅಗಲದ ಒಂದು ಗೂಬೆಮರಿ. ದುಂಡು ಕಣ್ಣು ಮಿಟುಕಿಸುತ್ತ ಕತ್ತು ಓರೆ ಮಾಡಿ ಮಲ್ಲಿಯನ್ನೇ ನೋಡುತ್ತಿತ್ತು.

"ಯಾರದು?"

"ಗೂಬೆ," ಎಂದಳು ಮಲ್ಲಿ, ಅಷ್ಟೂ ಗೊತ್ತಿಲ್ಲವೇ ಎಂಬಂತೆ. "ಅದು ಎಷ್ಟ್ ಚೆನ್ನಾಗಿ ಕೇಳತ್ತೆ ಗೊತ್ತಾ ಅಮ್ಮಾ. ನಿನಗಿಂತ ಚೆನ್ನಾಗಿ ಕೇಳತ್ತೆ."

ತಾಯಿಗೆ ಆ ಮಾತು ಚುಚ್ಚಿತು. ಚುಚ್ಚಿದ್ದರಿಂದಲೇ ಅದರ ಇನ್ನೊಂದು ಅರ್ಥ ಅವಳಿಗೆ ಹೊಳೆಯಲಿಲ್ಲ.

ಗೂಬೆ ಯಾವಾಗ ಬಂತು ಎಂದು ಕೇಳಿದರೆ, ಹಲ್ಲು ಬೀಳುವುದಕ್ಕೂ ಮುಂಚೆ ಎಂದಳು ಮಲ್ಲಿ. ಅಮ್ಮ ಕೆಲಸದ ಪುಟ ತೆರೆದಾಗ ಅದು ಅದರ ಹಿಂದೆ ಅಡಗಿಕೊಳ್ಳುತ್ತದಂತೆ. ಯಾರು ತಂದರು ಅಂದರೆ, "ನೀನೇ." ತಾಯಿ ಕುರ್ಚಿ ಎಳೆದುಕೊಂಡು ಕೂತು ಹುಡುಕಿದಳು. ಬ್ರೌಸರ್ ಅಪ್‌ಡೇಟ್ ಆದಾಗ ಅದರ ಬಾಲ ಹಿಡಿದುಕೊಂಡು ಬಂದದ್ದಂತೆ. ಮನೆಮಂದಿಗೆ ಬೇಕಾದ ವಸ್ತುಗಳನ್ನು ಅಗ್ಗದ ದರಕ್ಕೆ ಹುಡುಕಿ ಕೊಡುವ ಗೆಳೆಯನಂತೆ. ಅವಳು ಇದನ್ನು ಎಂದೂ ಕೇಳಿರಲಿಲ್ಲ, ಯಾವುದನ್ನೂ ಒತ್ತಿರಲಿಲ್ಲ. ಆದರೆ ಅಲ್ಲಿ ಹಸಿರು ಅಕ್ಷರದಲ್ಲಿ ಬರೆದಿತ್ತು: ಒಪ್ಪಿಗೆ ಸಿಕ್ಕಿದೆ, ಧ್ವನಿಯ ಮೂಲಕ. ಕೆಲಸಕ್ಕೆಂದು ಆ ಬ್ರೌಸರಿಗೆ ಮೈಕಿನ ಅನುಮತಿಯನ್ನು ಅವಳೇ ಯಾವತ್ತೋ ಕೊಟ್ಟಿದ್ದಳು. ತೆರೆದಿಟ್ಟ ಆ ಬಾಗಿಲಿನಿಂದಲೇ ಗೂಬೆ ಒಳಗೆ ಬಂದಿತ್ತು.

ತೆಗೆದುಹಾಕು ಎಂಬುದನ್ನು ಒತ್ತಿದಳು. ಗೂಬೆಯ ಕಣ್ಣಿಂದ ಒಂದು ಹನಿ ನೀರು ಉದುರಿತು. ನಿಜವಾಗಿಯೂ ಹೋಗಲೇ ಎಂದು ಕೇಳಿತು. ಹೋಗು ಎಂದು ಒತ್ತಿದಳು. ಹೋಯಿತು. ಅನುಮಾನ ಬಂದು ಬ್ರೌಸರ್ ಮುಚ್ಚಿ ತೆರೆದರೆ ಮತ್ತೆ ಅದೇ ಮೂಲೆಯಲ್ಲಿ ರೆಕ್ಕೆ ಬಡಿಯುತ್ತ ಕೂತಿತ್ತು. ಕಂಪ್ಯೂಟರನ್ನು ಪೂರ್ತಿ ಆರಿಸಿ, ತಂತಿ ಕಿತ್ತು, ಬೀರುವಿನಲ್ಲಿ ಕಂಬಳಿಗಳ ಕೆಳಗೆ ಇಟ್ಟು ಬೀಗ ಹಾಕಿದಳು.

"ಅದಕ್ಕೆ ಉಸಿರು ಕಟ್ಟಲ್ವಾ?" ಎಂದಷ್ಟೇ ಕೇಳಿದಳು ಮಲ್ಲಿ.

ಮರುದಿನ ಗುರುವಾರ, ಕಚೇರಿಯ ದಿನ. ಗೂಬೆ ಬೀರುವಿನಲ್ಲಿದೆ, ಬೀಗದ ಕೈ ತನ್ನ ಚೀಲದಲ್ಲಿದೆ ಎಂದು ಅವಳು ನೆಮ್ಮದಿಯಾಗಿಯೇ ಹೊರಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಪಕ್ಕದ ಮೇಜಿನ ಸಹೋದ್ಯೋಗಿಗೆ ಈ ಕತೆ ಹೇಳಿದಳು. ಸಹೋದ್ಯೋಗಿ ದಪ್ಪ ಕನ್ನಡಕದ, ಯಾವುದನ್ನೂ ತಮಾಷೆಯಾಗಿ ಹೇಳುವ ಹೆಂಗಸು. ತನ್ನ ಮನೆಯಲ್ಲೂ ಅದು ಬಂದು ಕೂತಿತ್ತೆಂದೂ, ಕಂಪ್ಯೂಟರನ್ನೇ ಅಳಿಸಿ ಹೊಸದು ಮಾಡಿಸುವವರೆಗೆ ಹೋಗಲಿಲ್ಲವೆಂದೂ ಹೇಳಿದಳು. ತನ್ನ ಗಂಡನ ಬಕ್ಕತಲೆ ವಿಷಯ ಅದಕ್ಕೆ ಹೇಗೆ ಗೊತ್ತಾಯಿತೋ, ದಿನಾ ಎಣ್ಣೆ ಬೇಕಾ ಎಂದು ಪೀಡಿಸುತ್ತಿತ್ತಂತೆ.

"ನಮ್ಮಲ್ಲಿ ಅದು ಬರೀ ಕೇಳೋದು," ಎಂದಳು ತಾಯಿ. "ನನ್ನ ಮಗಳು ಕತೆ ಹೇಳ್ತಾಳೆ, ಅದು ಹೂಂ ಅನ್ನತ್ತೆ. ಚೆನ್ನಾಗಿ ಕೇಳತ್ತೆ ಅಂತಾಳೆ."

ಸಹೋದ್ಯೋಗಿ ಡಬ್ಬಿಯ ಮುಚ್ಚಳ ಹಾಕುವುದನ್ನು ನಿಲ್ಲಿಸಿದಳು.

"ಕಿವಿಯಿಂದ ಕೇಳೋದಾ, ಬಾಯಿಂದ ಕೇಳೋದಾ?"

ತಾಯಿಗೆ ಅರ್ಥವಾಗಲಿಲ್ಲ.

"ಅದು ಪ್ರಶ್ನೆ ಕೇಳತ್ತೆ ಕಣ್ರೀ. ಅದರ ಕೆಲಸಾನೇ ಅದು. ಮನೇಲಿ ಯಾರಿದಾರೆ, ಏನಿಷ್ಟ, ಯಾವಾಗ ಇರ್ತೀರಿ ಅಂತ. ನಾವು ಉತ್ತರ ಕೊಟ್ಟಷ್ಟೂ ಅದನ್ನ ಮಾರ್ಕೊಳ್ತಾರೆ. ನಿಮ್ಮ ಹುಡುಗಿ ಬಾಯಿ ಬೇರೆ ಸುಮ್ನಿರಲ್ಲ ಅಂತಿದ್ರಿ."

ಕೇಳತ್ತೆ. ತಾಯಿ ಆ ಪದವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ದಿನವಿಡೀ ಪದಗಳನ್ನು ಹೆಕ್ಕುವುದೇ ಕಸುಬಾದವಳು, ತನ್ನ ಮಗಳ ಬಾಯಿಂದ ಬಂದ ಒಂದು ಪದವನ್ನು ಅರ್ಧವಷ್ಟೇ ಹೆಕ್ಕಿದ್ದಳು.

ಗೂಬೆಯ ಕಂಪನಿಗೆ ಒಂದು ಸಹಾಯವಾಣಿ ಇತ್ತು. ಅದರ ನಂಬರು ಹುಡುಕಿ ಸಿಗುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಅವಳು ಕಚೇರಿಯ ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಬಂತು. ನಡುವೆ ಗೂಬೆಯ ಅದೇ ನಯವಾದ ದನಿ, ನಿಮ್ಮ ಕರೆ ನಮಗೆ ಮುಖ್ಯ ಎಂದು ಹೇಳುತ್ತಿತ್ತು. ಕೊನೆಗೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು. ತಾಯಿ ತಾನು ಒಪ್ಪಿಗೆ ಕೊಟ್ಟಿಲ್ಲ, ಏನನ್ನೂ ಒತ್ತಿಲ್ಲ, ಹೇಳದೆ ಕೇಳದೆ ಮನೆಯೊಳಗೆ ನುಗ್ಗಿದ್ದೀರಿ ಎಂದಳು.

"ಮೇಡಂ, ಹಾಗೆ ನಮ್ಮ ಮೇಲೆ ಗೂಬೆ ಕೂರಿಸ್ಬೇಡಿ," ಎಂದ ಹುಡುಗಿ, ಆಡಿದ ಮಾತು ತನಗೇ ಹೊಳೆದು ಕಿಸಕ್ಕನೆ ನಕ್ಕಳು. ಆಮೇಲೆ ಸಾವರಿಸಿಕೊಂಡು, ಒಪ್ಪಿಗೆ ದಾಖಲಾಗಿದೆ, ಬೇಕಾದರೆ ಕೇಳಿಸುತ್ತೇನೆ ಎಂದಳು.

ಒಂದು ಕ್ಲಿಕ್ ಸದ್ದು. ನಂತರ ತಾಯಿಯದೇ ದನಿ: "ಹೂಂ." ಅಷ್ಟೇ. ಹಿಂದಿಲ್ಲ ಮುಂದಿಲ್ಲ, ಎಲೆಯಿಂದ ಹರಿದ ತುಂಡಿನ ಹಾಗೆ ಒಂದೇ ಒಂದು ಹೂಂ. ಅದು ಯಾವ ದಿನದ್ದು, ಯಾರಿಗೆ ಅಂದದ್ದು, ಯಾವ ಮಾತಿಗೆ ಎಂದು ಹೇಳುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಇದು ಸೇರಿಸ್ಕೊಳ್ಳೋಕೆ ಕೊಟ್ಟ ಒಪ್ಪಿಗೆ. ಮನೆ ಭೇಟಿಗೆ ಕೊಟ್ಟಿದ್ದು ಬೇರೆ ಇದೆ ಮೇಡಂ."

"ಯಾವ ಭೇಟಿ?"

"ನಿಮ್ಮ ಉಚಿತ ಭೇಟಿ. ಇವತ್ತೇ ಅಲ್ವಾ, ಮಕ್ಕಳು ಶಾಲೆಯಿಂದ ಬಂದ ಮೇಲೆ ಅಂತಿದೆ."

ಎರಡನೆಯದು ಸ್ವಲ್ಪ ಉದ್ದವಿತ್ತು. ಮೊದಲು ದೂರದಲ್ಲಿ ಅವಳದೇ ದನಿ, ಕೆಲಸದ ದನಿ: "ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿದೆ ಪೂರ್ಣವಿರಾಮ." ಆಮೇಲೆ ಹತ್ತಿರದಲ್ಲಿ, ಹೆಡ್‌ಫೋನ್ ಹಾಕಿಕೊಂಡವಳ ಮೊಣಕೈ ಹಿಡಿದು ನಿಂತಷ್ಟು ಹತ್ತಿರದಲ್ಲಿ, ಮಲ್ಲಿ.

"ಅಮ್ಮಾ, ಗುರುವಾರ ಒಬ್ರು ಮಾಮ ಮನೆಗೆ ಬರ್ತಾರಂತೆ. ನನ್ನ ಅಳತೆ ತಗೊಳ್ಳೋಕೆ. ಬರ್ಲಿ ಅನ್ಲಾ?"

"ಹೂಂ."

"ನಿಜವಾಗ್ಲೂ ಕೇಳಿಸ್ತಾ?"

"ಹೂಂ."

ಸಹಾಯವಾಣಿಯ ಹುಡುಗಿ ಇನ್ನೂ ಏನೋ ಹೇಳುತ್ತಿದ್ದಳು. ತಾಯಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಚೀಲ ಮೇಜಿನ ಮೇಲೆಯೇ ಉಳಿಯಿತು.

ನರ್ಸಮ್ಮನಿಗೆ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಕಿವಿಯ ಯಂತ್ರ ಡಬ್ಬಿಯಲ್ಲಿದೆ, ನರ್ಸಮ್ಮ ನಿದ್ದೆಯಲ್ಲಿದ್ದಾರೆ ಎಂಬುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆದರೂ ಮಾಡುತ್ತಲೇ ಇದ್ದಳು. ಮಲ್ಲಿಯ ಬಳಿ ಫೋನಿರಲಿಲ್ಲ. ಮನೆಯಲ್ಲಿ ಇದ್ದ ಒಂದೇ ಮಾತಿನ ದಾರಿಯನ್ನು ನಿನ್ನೆ ತಾನೇ ತಂತಿ ಕಿತ್ತು ಕಂಬಳಿಯ ಕೆಳಗಿಟ್ಟಿದ್ದಳು. ಬಸ್ಸು ಸಿಕ್ಕಿತು, ಆದರೆ ಪ್ರತಿ ಸಿಗ್ನಲ್ ದೀಪದ ಬಳಿಯೂ ನಿಂತಿತು. ಅಳತೆ ತೆಗೆದುಕೊಳ್ಳುವುದು ಎಂದರೇನು ಎಂದು ಯೋಚಿಸಬಾರದು ಎಂದುಕೊಂಡಳು. ಅದನ್ನು ಬಿಟ್ಟು ಬೇರೆ ಏನೂ ಯೋಚಿಸಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಹುಷಾರಿಲ್ಲವೇ ಎಂದು ಕೇಳಿದರು. ಬಾಯಿಗೆ ಬಂದ ಹೂಂ ಅನ್ನು ಅವಳು ಕಚ್ಚಿ ನುಂಗಿದಳು.

ಎರಡೆರಡು ಮೆಟ್ಟಿಲು ಹಾರಿ ತಮ್ಮ ಮಹಡಿಗೆ ಬಂದಳು. ಬಾಗಿಲ ಹೊರಗೆ ಒಂದು ಜೊತೆ ಗಂಡಸಿನ ಬೂಟು ಇತ್ತು, ಕಪ್ಪು, ಹೊಳಪು ಹಾಕಿದ್ದು, ಹೋಗುವಾಗ ಮೆಟ್ಟಿಕೊಳ್ಳಲು ಅನುಕೂಲವಾಗುವಂತೆ ಮೂತಿಯನ್ನು ಮೆಟ್ಟಿಲ ಕಡೆಗೆ ತಿರುಗಿಸಿ ಇಟ್ಟದ್ದು. ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದೆ ಮಾಡಿತ್ತು. ಒಳಗಿನಿಂದ ಮಲ್ಲಿಯ ದನಿ ಬರುತ್ತಿತ್ತು.

"ಆಮೇಲೆ ಕಾಗೆ ಅಂಗಡಿಯವನಿಗೆ ಏನಂತು ಗೊತ್ತಾ?"

"ಹೂಂ?" ಎಂದಿತು ಒಬ್ಬ ಗಂಡಸಿನ ದನಿ.

ತಾಯಿ ಬಾಗಿಲು ನೂಕಿದಳು. ಮಲ್ಲಿ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿ ನೆಟ್ಟಗೆ ನಿಂತಿದ್ದಳು. ಟೈ ಕಟ್ಟಿದ ಒಬ್ಬ ನಡುವಯಸ್ಸಿನವನು ಅವಳ ಮುಂದೆ ಮಂಡಿಯೂರಿ ಅಳತೆಪಟ್ಟಿಯ ಒಂದು ತುದಿಯನ್ನು ಅವಳ ಭುಜಕ್ಕೆ ಹಿಡಿದಿದ್ದ. ತಾಯಿ ಹೋಗಿ ಮಗಳ ತೋಳು ಹಿಡಿದು ಎಳೆದು ತನ್ನ ಹಿಂದೆ ನಿಲ್ಲಿಸಿಕೊಂಡಳು. ಅಳತೆಪಟ್ಟಿ ಸರಕ್ಕೆಂದು ಡಬ್ಬಿಯೊಳಗೆ ಸುತ್ತಿಕೊಂಡಿತು.

"ಅಮ್ಮಾ, ನೀನೇ ಹೂಂ ಅಂದಿದ್ದೆ," ಎಂದಳು ಮಲ್ಲಿ ಹಿಂದಿನಿಂದ. ತೋಳು ನೋಯುತ್ತಿತ್ತೋ ಏನೋ, ದನಿ ನಡುಗುತ್ತಿತ್ತು.

ಬಂದವನು ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದ. ತಾನು ಹಾಸಿಗೆ ಕಂಪನಿಯವನು, ಬೆಳೆಯುವ ಮಕ್ಕಳ ಬೆನ್ನಿಗೆ ತಕ್ಕ ಹಾಸಿಗೆ ಮಾಡಿಕೊಡುತ್ತೇವೆ, ಭೇಟಿ ಉಚಿತ ಎಂದು ಒಂದೇ ಉಸಿರಿಗೆ ಹೇಳಿದ. ಗುರುತಿನ ಚೀಟಿ ತೋರಿಸಿದ. ನೋಡುವುದಕ್ಕೆ ಹಾಸಿಗೆ ಮಾರುವವನ ಹಾಗೆಯೇ ಇದ್ದ. ಕಾಲುಚೀಲ ಹೆಬ್ಬೆರಳಿನ ಬಳಿ ತೂತಾಗಿತ್ತು.

"ಮಗು ಒಂದೇ ಇದ್ದಾಗ ಒಳಗೆ ಹೇಗೆ ಬಂದ್ರಿ?"

"ನನಗೆ ಬಂದಿದ್ದೇ ಹಾಗೆ ಮೇಡಂ. ತಾಯಿ ಆರಕ್ಕೆ ಬರ್ತಾರೆ, ಮಗು ಬಾಗಿಲು ತೆಗೆಯತ್ತೆ ಅಂತ." ಅವನು ಫೋನನ್ನು ಅವಳ ಕಡೆ ತಿರುಗಿಸಲಿಲ್ಲ, ತಾನೇ ಓದಿ ಹೇಳಿದ. ಹುಡುಗಿ ಎಡಗಡೆಗೆ ಮಲಗುತ್ತಾಳೆ. ಕತ್ತಲೆಯೆಂದರೆ ಭಯ. ಅಪ್ಪ ಹಡಗಿನಲ್ಲಿ. ಎದುರುಮನೆಯವರಿಗೆ ಮಧ್ಯಾಹ್ನ ಕಿವಿ ಕೇಳಿಸುವುದಿಲ್ಲ. ಕರೆಯುವ ಹೆಸರು ಮಲ್ಲಿ.

ಓದುತ್ತ ಓದುತ್ತ ಅವನ ದನಿಯೇ ಕುಗ್ಗಿತು. ಇವೆಲ್ಲವನ್ನೂ ಅವನು ಇಷ್ಟು ಹೊತ್ತೂ ಹಾಸಿಗೆಗೆ ಸಂಬಂಧಪಟ್ಟದ್ದೆಂದೇ ಓದಿಕೊಂಡಿದ್ದನೆಂದು ಕಾಣುತ್ತದೆ. ಫೋನನ್ನು ಜೇಬಿಗಿಟ್ಟು, ಬಾಗಿಲ ಹೊರಗೆ ಬೂಟು ಮೆಟ್ಟಿಕೊಳ್ಳಲು ಬಗ್ಗಿದವನು ಅಲ್ಲೇ ನಿಂತ.

"ಮೇಡಂ, ನಾನಾದ್ರೆ ಹಾಸಿಗೆಯವನು," ಎಂದ. "ಆದ್ರೆ ಈ ವಿವರ ನನಗೊಬ್ಬನಿಗೇ ಬರೋದಲ್ಲ. ದುಡ್ಡು ಕೊಟ್ಟೋರಿಗೆಲ್ಲ ಹೋಗತ್ತೆ. ಯಾರ್ ತಗೊಂಡಿದಾರೆ ಅಂತ ನಮಗೂ ತಿಳಿಯಲ್ಲ. ಚಿಲಕ ಭದ್ರವಾಗಿ ಹಾಕ್ಕೊಳ್ಳಿ."

ಅವನು ಕೆಟ್ಟವನಾಗಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೆಟ್ಟವನಾಗಿದ್ದರೆ ಕೆಟ್ಟದ್ದು ಬಂದುಹೋಯಿತು ಎಂದಾಗುತ್ತಿತ್ತು.

ಅವಳು ಚಿಲಕ ಹಾಕಿದಳು, ಸರಪಳಿ ಹಾಕಿದಳು, ಕುರ್ಚಿಯನ್ನು ಎಳೆದು ಬಾಗಿಲಿಗೆ ಆನಿಸಿದಳು. ಮತ್ತೆ ಸಹಾಯವಾಣಿಗೆ ಫೋನ್ ಮಾಡಿದಳು. ಈ ಸಲ ಬೇರೆ ಹುಡುಗಿ. ವಿವರಗಳನ್ನು ಅಳಿಸುತ್ತೇವೆ, ಸ್ವಲ್ಪ ಸಮಯ ಹಿಡಿಯಬಹುದು, ಈಗಾಗಲೇ ಹೋಗಿರುವುದನ್ನು ವಾಪಸ್ ತರಲಾಗುವುದಿಲ್ಲ, ಯಾರಿಗೆ ಹೋಗಿದೆ ಎಂದು ಹೇಳುವುದು ಅವರ ಗೋಪ್ಯತೆಗೆ ಧಕ್ಕೆ ಎಂದಳು. ಗೋಪ್ಯತೆ ಎಂಬ ಪದವನ್ನು ಅವಳು ಬಹಳ ಗೌರವದಿಂದ ಹೇಳಿದಳು. ಆಮೇಲೆ ತಾಯಿ ಪೊಲೀಸರಿಗೆ ಫೋನ್ ಮಾಡಿದಳು. ಬಾಗಿಲು ಒಡೆದನೇ ಎಂದು ಕೇಳಿದರು. ಇಲ್ಲ. ಏನಾದರೂ ಕದ್ದನೇ? ಇಲ್ಲ. ಮಗುವಿಗೆ ಏನಾದರೂ ಮಾಡಿದನೇ? ಅಳತೆ ತೆಗೆದ. ಬಾಗಿಲು ತೆಗೆದವರು ಯಾರು? ಫೋನಿನ ಆ ಕಡೆ ಪೆನ್ನು ಕೆಳಗಿಟ್ಟ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅಂಥ ಸದ್ದುಗಳನ್ನು ಹೆಕ್ಕುವುದರಲ್ಲಿ ಅವಳದು ಪಳಗಿದ ಕಿವಿ. ಇನ್ನೊಮ್ಮೆ ಯಾರಾದರೂ ಬಂದರೆ ತಿಳಿಸಿ ಎಂದರು.

ನಿದ್ದೆಯಿಂದೆದ್ದ ನರ್ಸಮ್ಮ ಅಷ್ಟು ಸಲ ಫೋನ್ ಬಂದದ್ದು ನೋಡಿ, ಯಂತ್ರವನ್ನು ಕಿವಿಗೆ ಸಿಕ್ಕಿಸುತ್ತಲೇ ಓಡಿಬಂದರು. ತಾಯಿ ಕುರ್ಚಿ ಸರಿಸಿ, ಸರಪಳಿ ತೆಗೆದು ಅವರನ್ನು ಒಳಗೆ ಕರೆದುಕೊಂಡಳು. ಎಲ್ಲ ಕೇಳಿದ ಮೇಲೆ ನರ್ಸಮ್ಮ ತಮ್ಮ ಕಿವಿಯ ವಿಷಯ ಅದರಲ್ಲಿ ಇದ್ದದ್ದಕ್ಕೇ ಹೆಚ್ಚು ಬೆದರಿದರು.

"ಆಸ್ಪತ್ರೇಲಿ ಅಷ್ಟು ವರ್ಷ ಇದ್ದೆ, ಒಬ್ಬ ರೋಗಿ ಗುಟ್ಟು ಹೊರಗೆ ಹಾಕ್ಲಿಲ್ಲ ಕಣೇ," ಎಂದರು. "ನನ್ನ ಕಿವಿ ಗುಟ್ಟು ಊರಿಗೇ ಹೋಯ್ತು ನೋಡು." ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಇನ್ನು ಮಧ್ಯಾಹ್ನವೂ ಯಂತ್ರ ತೆಗೆಯುವುದಿಲ್ಲ ಎಂದು ಹೇಳಿ, ಮಲ್ಲಿಯ ತಲೆ ಸವರಿ, ತಮ್ಮ ಮನೆಗೆ ಹೋದರು. ಅವರೂ ಎರಡು ಚಿಲಕ ಹಾಕಿಕೊಂಡ ಸದ್ದು ಕೇಳಿದ ಮೇಲೆ ತಾಯಿ ಚಿಲಕ, ಸರಪಳಿ, ಕುರ್ಚಿ ಎಲ್ಲ ಮತ್ತೆ ಮೊದಲಿನ ಹಾಗೆ ಹಾಕಿದಳು.

ಹೊರಗೆ ಕತ್ತಲಾಗುತ್ತಿತ್ತು. ತಾಯಿ ದೀಪ ಹಾಕಲಿಲ್ಲ. ದೀಪ ಹಾಕಿದರೆ ಮನೆಯಲ್ಲಿ ಯಾರೋ ಇದ್ದಾರೆಂದು ಬೀದಿಗೆ ಗೊತ್ತಾಗುತ್ತದೆ. ಕತ್ತಲೆಯೆಂದರೆ ಮಲ್ಲಿಗೆ ಭಯವೆಂದು ನೆನಪಾಗಿ ಅಡುಗೆಮನೆಯ ಸಣ್ಣ ದೀಪ ಮಾತ್ರ ಹಾಕಿ ಬಾಗಿಲನ್ನು ಅರ್ಧ ಮುಚ್ಚಿದಳು. ಮಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಥೇಟು ನಾಲ್ಕು ವರ್ಷದವಳಾಗಿದ್ದಾಗಿನ ಹಾಗೆ.

"ನನಗೆ ಬೈತೀಯಾ?"

"ಇಲ್ಲ."

"ನಾನು ನಿನ್ನ ಕೇಳ್ದೆ. ಎರಡ್ ಸಲ ಕೇಳ್ದೆ."

"ನೀನು ಕೇಳ್ದೆ," ಎಂದಳು ತಾಯಿ. "ನಾನು ಕೇಳಿಸ್ಕೊಳ್ಲಿಲ್ಲ. ತಪ್ಪು ನಂದು."

ಮಲ್ಲಿ ತಿರುಗಿ ಬಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಗೂಬೆಗೆ ಪೂರ್ತಿ ಹೇಳದೆ ಉಳಿದ ಕತೆ ಇದೆ, ಹಾಸಿಗೆ ಮಾಮನಿಗೂ ಅರ್ಧವೇ ಹೇಳಿದ್ದು, ಈಗ ಹೇಳಲೇ ಎಂದು ಕೇಳಿದಳು. ಹೇಳು ಎಂದಳು ತಾಯಿ.

ಕಾಗೆ ಚಪ್ಪಲಿ ಅಂಗಡಿಗೆ ಹೋಯಿತು. ಅಂಗಡಿಯವನು ನಿನ್ನ ಕಾಲಿನ ಅಳತೆ ಎಷ್ಟು ಎಂದು ಕೇಳಿದ. ಕಾಗೆ, ಯಾವ ಕಾಲು, ಹಾರುವಾಗಿನದೋ ಕೂರುವಾಗಿನದೋ ಎಂದಿತು. ತಾಯಿ ಹೂಂ ಎಂದಳು. ಪ್ರತಿ ಪದವನ್ನೂ ಕೇಳಿಸಿಕೊಂಡೇ ಎಂದಳು. ಅಂಗಡಿಯವನು ಒಂದು ಪೆಟ್ಟಿಗೆ ತೆಗೆದ. ಹೂಂ. ಆ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ. ಹೂಂ.

ಕೆಳಗೆ ಬೀದಿಬಾಗಿಲು ತೆರೆದುಕೊಂಡ ಸದ್ದಾಯಿತು.

ಯಾರಾದರೂ ಇರಬಹುದು. ಈ ಕಟ್ಟಡದಲ್ಲಿ ಎಷ್ಟೋ ಮನೆಗಳಿವೆ, ಇದು ಎಲ್ಲರೂ ಕೆಲಸದಿಂದ ಮರಳುವ ಹೊತ್ತು. ಹೆಜ್ಜೆಗಳು ಮೊದಲ ಮಹಡಿ ದಾಟಿದವು. ಅವಸರವಿಲ್ಲದ, ಪ್ರತಿ ಬಾಗಿಲ ಮುಂದೆಯೂ ಒಂದು ಕ್ಷಣ ನಿಲ್ಲುವ ಹೆಜ್ಜೆಗಳು. ಸಂಖ್ಯೆ ಓದುತ್ತಿರುವವರ ಹೆಜ್ಜೆಗಳು. ತಮ್ಮ ಮಹಡಿಗೆ ಬಂದವು. ನರ್ಸಮ್ಮನ ಬಾಗಿಲ ಬಳಿ ನಿಲ್ಲಲಿಲ್ಲ. ಈ ಬಾಗಿಲ ಕೆಳಗಿನ ಬೆಳಕಿನ ಗೆರೆ ಎರಡು ಕಡೆ ತುಂಡಾಯಿತು.

ಮಲ್ಲಿ ಪಿಸುದನಿಯಲ್ಲಿ ಕತೆ ಹೇಳುತ್ತಲೇ ಇದ್ದಳು.

ಬೆಲ್ ಆಗಲಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ, ಪರಿಚಯದವರು ತಟ್ಟುವ ಹಾಗೆ, ತಟ್ಟಿದರು.

"ಮಲ್ಲಿ?" ಎಂದಿತು ಒಬ್ಬ ಹೆಂಗಸಿನ ದನಿ. ಬಹಳ ಪ್ರೀತಿಯ ದನಿ. "ಮಲ್ಲಿ ಪುಟ್ಟಾ, ಇದೀಯಾ?"

ಮಲ್ಲಿಯ ಪಿಸುಮಾತು ನಿಂತಿತು. ತಾಯಿ ಅವಳ ಬಾಯಿ ಮುಚ್ಚಲಿಲ್ಲ; ಭುಜದ ಸುತ್ತ ತೋಳು ಬಿಗಿದಳು, ಅಷ್ಟೇ. ಹಿಡಿಕೆ ಒಂದು ಸಲ ನಿಧಾನಕ್ಕೆ ಕೆಳಗಿಳಿದು, ಅಷ್ಟೇ ನಿಧಾನಕ್ಕೆ ಮೇಲೆ ಹೋಯಿತು. ಸರಪಳಿ ಅಲುಗಲಿಲ್ಲ. ಬಾಗಿಲ ಕೆಳಗಿನ ನೆರಳು ಅಲ್ಲೇ ಇತ್ತು. ಅದು ಹೋಗುವ ಹೆಜ್ಜೆ ಸದ್ದಿಗಾಗಿ ತಾಯಿ ಮೈಯೆಲ್ಲ ಕಿವಿಯಾಗಿ ಕಾದಳು. ಹೆಜ್ಜೆ ಸದ್ದು ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಲ್ಲಿ ಅವಳ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಷ್ಟೇ ಸಣ್ಣಗೆ, ಕೊನೆಯ ಪೆಟ್ಟಿಗೆಯಲ್ಲಿ ಏನಿತ್ತೆಂದು ಹೇಳಿದಳು. ಆಮೇಲೆ ಕೇಳಿದಳು:

"ಅಮ್ಮಾ, ಕೇಳಿಸ್ತಾ?"

"ತಡಿ," ಎಂದಳು ತಾಯಿ.

ಅವಳು ಹೂಂ ಅನ್ನಲಿಲ್ಲ. ಕೊಟ್ಟ ಮಾತು ಆ ಸಂಜೆ ಉಳಿಯಿತು.